ಬಿಳಿ ಬಟ್ಟಲಿನ ಅಂಚು

ಬಟ್ಟಲಿನ ಅಂಚು ಒಡೆದಿತ್ತು. ಅಕ್ಕಿಕಾಳಿನಷ್ಟು, ಹೆಚ್ಚಿಲ್ಲ. ಆದರೂ ಬಿಳಿ ಮೆರುಗಿನಡಿಯ ಕೆಂಪು ಮಣ್ಣು ಇಣುಕುತ್ತಿತ್ತು. ಓಗಿನೊ ಗುರುಗಳು ಅದನ್ನು ಮುದಿ ಬೆರಳಿನಿಂದ ಸವರಿದರು. ತೀರಿಹೋದ ಅವರ ಗಂಡ ಕೊನೆಯದಾಗಿ ಮಾಡಿದ ಬಟ್ಟಲು ಅದು.

ಕಿನುಯೊಗೆ ಮುಖ ಎತ್ತಲಾಗಲಿಲ್ಲ. ಇಂದಿನ ಚಹಾಕೂಟದ ಹಿರಿಯ ಅತಿಥಿ ಅವಳು. ಏನು ಎಡವಟ್ಟಾದರೂ ಮೊದಲು ತಲೆ ತಗ್ಗಿಸಬೇಕಾದವಳು. ಅದೂ ಇಂದೇ ಆಗಬೇಕೆ? ಕಾನಜಾವಾದ ಈ ಚಹಾಪಾಠಶಾಲೆಯನ್ನು ಗುರುಗಳು ಇಂದು ಶಿಷ್ಯೆಯೊಬ್ಬಳಿಗೆ ವಹಿಸಿಕೊಡುವವರಿದ್ದರು. ಒಂದೋ ಕಿನುಯೊಗೆ, ಇಲ್ಲವೇ ಪಕ್ಕದಲ್ಲಿ ಕೂತ ಸವಾಕೊಗೆ.

ಚಹಾ ಮುಗಿದ ಮೇಲೆ ಪದ್ಧತಿಯಂತೆ ಬಟ್ಟಲನ್ನು ಮೊದಲು ಎತ್ತಿ ನೋಡಿದವಳು ಕಿನುಯೊ. ಅಂಚು ನೆಟ್ಟಗಿತ್ತು, ಚೆನ್ನಾಗಿ ನೆನಪಿದೆ. ಕಣ್ಣು ಮಂಜಾದ್ದರಿಂದ ಆಮೇಲೆ ಅದನ್ನು ಮೈಯ ಹತ್ತಿರಕ್ಕೆ ಎಳೆದುಕೊಂಡು, ವಾಲಿಸಿ, ಬುಡದ ಮುದ್ರೆಯನ್ನೂ ನೋಡಿ ಸವಾಕೊಗೆ ದಾಟಿಸಿದ್ದಳು. ಸವಾಕೊ ಬಟ್ಟಲನ್ನು ಒಮ್ಮೆ ನೋಡಿ, ಕಿನುಯೊಳ ಸೊಂಟವನ್ನೇ ನೋಡುತ್ತ ಕೂತಳು. ಕಿನುಯೊ ಸೋದರಸೊಸೆಯ ಮದುವೆಯಿಂದ ನೇರ ಬಂದದ್ದು, ಮೈಮೇಲೆ ಹಬ್ಬದ ಕಿಮೊನೊ, ಸೊಂಟಕ್ಕೆ ಅಗಲ ನಡುಪಟ್ಟಿ. ಹೊಟ್ಟೆಕಿಚ್ಚು, ಅಂದುಕೊಂಡಿದ್ದಳು ಕಿನುಯೊ.

ಈಗ ಸವಾಕೊಳ ಬೆರಳಿಗೆ ಸುತ್ತಿದ ಬಟ್ಟೆ ಕಣ್ಣಿಗೆ ಬಿತ್ತು.

“ಅದನ್ನ ಬಿಚ್ಚು.”

ಬಿಚ್ಚಿದರೆ ಒಳಗೆ ಉಂಗುರ.

“ಬೆರಳು ಬಾತಿದೆ ಅಕ್ಕ, ಹೊರಗೆ ಬರ್ಲಿಲ್ಲ. ಅದಕ್ಕೇ ಬಟ್ಟೆ ಸುತ್ಕೊಂಡೆ.”

“ಮೈಮೇಲೆ ಚೂರು ಲೋಹ ಇಟ್ಕೊಂಡು ಬಟ್ಟಲು ಮುಟ್ಟಬಾರದು ಅಂತ ಮೊದಲನೇ ದಿನಾನೇ ಹೇಳಿಕೊಡಲ್ವೇನೆ? ನಾನು ಉಂಗುರ, ಗಡಿಯಾರ ಎಲ್ಲ ಹೊರಗೆ ಬಿಚ್ಚಿಟ್ಟು ಬಂದಿಲ್ವಾ? ಗುರುಗಳಿಗೆ ಹೆಂಗೆ ಮುಖ ತೋರಿಸ್ತೀಯ?”

ಸವಾಕೊ ಬಾಯಿ ತೆರೆದಳು. ಕಿನುಯೊಳನ್ನೊಮ್ಮೆ, ಗುರುಗಳನ್ನೊಮ್ಮೆ ನೋಡಿ ಮುಚ್ಚಿಕೊಂಡಳು. ಆಮೇಲೆ ಚಾಪೆಗೆ ಹಣೆ ಹಚ್ಚಿದಳು. ಕಿವಿಯೆಲ್ಲ ಕೆಂಪಗಾಗಿತ್ತು.

“ತಪ್ಪಾಯ್ತು ಗುರುಗಳೇ. ನನ್ನ ಕೈಯಿಂದಾನೇ ಆಗಿದ್ದು.”

ನೋಡುತ್ತಿದ್ದ ಕಿನುಯೊಗೂ ನಾಚಿಕೆಯಾಯಿತು. ಇಂಥವಳ ಪಕ್ಕದಲ್ಲಿ ಇಷ್ಟು ವರ್ಷ ಕೂತೆನಲ್ಲ ಎಂದು. ಅವಳ ಪರವಾಗಿ ತಾನೂ ತಲೆಬಾಗಿದಳು.

“ಪಾಠ ಇನ್ನು ಕಿನುಯೊ ನೋಡ್ಕೊಳ್ಳಲಿ,” ಅಂದರು ಗುರುಗಳು. ಬಟ್ಟಲನ್ನು ಪೆಟ್ಟಿಗೆಯೊಳಗೆ ಇಟ್ಟರು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಸವಾಕೊ ಹತ್ತಿರ ಬಂದಳು. “ಅಕ್ಕ, ಮನೇಲಿ ನಡುಪಟ್ಟಿ ನಿಧಾನವಾಗಿ ಬಿಚ್ಚಿ. ಒಬ್ಬರೇ ಇದ್ದಾಗ.”

“ನನ್ನ ಪಟ್ಟಿ ಉಸಾಬರಿ ನಿಂಗ್ಯಾಕೆ? ನಿನ್ನ ಬೆರಳು ನೋಡ್ಕೋ ಹೋಗು.”

ಸವಾಕೊ ಬಗ್ಗಿ ನಮಸ್ಕರಿಸಿ ಹೊರಟುಹೋದಳು.

ಮನೆಯಲ್ಲಿ ಕಿನುಯೊ ಕನ್ನಡಿಯ ಮುಂದೆ ನಿಂತು ನಡುಪಟ್ಟಿಗೆ ಕೈ ಹಾಕಿದಳು. ಮದುವೆಗೆಂದು ಅದರ ನಡುವೆ ಸಿಕ್ಕಿಸಿದ್ದ ಬೆಳ್ಳಿಯ ಕೊಕ್ಕರೆ ಪಿನ್ನು ಅಲ್ಲೇ ಇತ್ತು. ಅದರ ಕೊಕ್ಕಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚೂರು.