ಮಗಳು ಖಾರ ತಿಂತಾಳೆ

ಮಿಲ್ಲಿನವರು ಊರಿನವರನ್ನೆಲ್ಲ ಹಗಲಿನವರು, ರಾತ್ರಿಯವರು ಎಂದು ಪಾಲು ಮಾಡಿದ ಮೇಲೆ, ರಾತ್ರಿಯವನಾದ ಬಕ್ಕೇಶ ತನ್ನ ಮಗಳು ಸ್ಫೂರ್ತಿ ಎದ್ದಿರುವುದನ್ನು ನೋಡುತ್ತಿದ್ದುದು ವರ್ಷಕ್ಕೊಮ್ಮೆ, ಹೈಸ್ಕೂಲ್ ಮೈದಾನದ ಪಟಾಕಿ ಸಂಜೆ ಮಾತ್ರ. ಉಳಿದಂತೆ ಅವಳು ಎದ್ದುಹೋದ ಹಾಸಿಗೆಯ ಬಿಸುಪೇ ಅವನ ಪಾಲಿಗೆ.

ಈ ವರ್ಷದ ಆ ಸಂಜೆಯೂ ಮಂಡಕ್ಕಿ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕೊಂಡು, ಒಳಗಿನ ಕಾಯಿ ಕಿತ್ತು, ಬರೀ ಹಿಟ್ಟನ್ನು ಊದಿ ಆರಿಸಿ ಅವಳ ಬಾಯಿಗೆ ಹಿಡಿದ.

"ಅಪ್ಪಾಜಿ, ನಾನೀಗ ಖಾರ ತಿಂತೀನಿ. ಹೋದ ವರ್ಷನೂ ಹೇಳಿದ್ನಲ್ಲ!"

"ನಿಮ್ಮಪ್ಪಂಗೆ ನೀನಿನ್ನೂ ತೊಟ್ಟಿಲಲ್ಲೇ ಇದೀಯ ಕಣೆ" ಎಂದು ಹೆಂಡತಿ ನಕ್ಕಳು.

ಆಕಾಶ ಅರಳಿ ಆರಿತು. ಸೈರನ್ ಕೂಗಿತು. ಅವರು ಮನೆಗೆ ಹೋದರು, ಅವನು ಮಿಲ್ಲಿಗೆ.

ಬೆಳಿಗ್ಗೆ ಬೆಚ್ಚಗಿನ ದಿಂಬಿಗೆ ಕೆನ್ನೆಯಿಟ್ಟು, ಮರೆಯದಿರಲೆಂದು ಬಾಯಿಪಾಠ ಮಾಡತೊಡಗಿದ: "ಖಾರ ತಿಂತಾಳೆ. ಸ್ಫೂರ್ತಿ ಈಗ ಖಾರ ತಿಂತಾಳೆ."