ಸೊಸಿಗೆ ಹ್ಯಾಂಗ ಹೇಳ್ಲಿ

“ಸೊಸಿಗೆ ಹ್ಯಾಂಗ ಹೇಳ್ಲಿ ಭಾಗವ್ವ? ಆಕಿ ಎದಿ ಒಡಿತದ.”

ಹಿತ್ತಲ ಬಾಗಿಲ ಹಿಂದೆ ಜೋಳದ ಮೊರ ಹಿಡಿದು ಬರುತ್ತಿದ್ದ ಗೌರವ್ವ ಅಲ್ಲೇ ನಿಂತಳು. ದನಿ ಅವಳ ಅತ್ತೆ ಸಂಗವ್ವನದು.

“ಇವತ್ತಲ್ಲ ನಾಳಿ ಗೊತ್ತಾಗೂದ ಅದ. ಮನಿಗೆ ಒಂದು ಕೂಸು ಬಂದ್ರ ಸಾಕಲ್ಲ?” ಎಂದಳು ಭಾಗವ್ವ.

ಸೋನ್ಯಾಳದ ಹೆರಿಗೆಗಳೆಲ್ಲ ಭಾಗವ್ವನ ಕೈಯಲ್ಲೇ ಆಗುತ್ತಿದ್ದವು. ಸುತ್ತಲಿನ ಊರುಗಳ ಅರ್ಧ ಮದುವೆಗಳು ಅವಳ ಬಾಯಲ್ಲೇ ಹುಟ್ಟುತ್ತಿದ್ದವು. ಈ ಮನೆಯಲ್ಲಿ ಹೆರಿಗೆಯಂತೂ ಇರಲಿಲ್ಲ. ಉಳಿದದ್ದು ಇನ್ನೊಂದು. ಗೌರವ್ವ ಸದ್ದಾಗದಂತೆ ಮೊರ ಕೆಳಗಿಟ್ಟಳು.

ಶೇಗಾಂವದಿಂದ ಅವಳು ಸೊಸೆಯಾಗಿ ಬಂದ ವರ್ಷವೇ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಆಮೇಲೆ ಜತ್ತ ಸಂಸ್ಥಾನ ಹೋಯಿತು, ಚುನಾವಣೆ ಬಂತು, ಊರ ಹತ್ತಿರದವರೆಗೆ ಮೋಟಾರು ಬಂತು. ಕೂಸು ಮಾತ್ರ ಬರಲಿಲ್ಲ.

ಮದ್ದು ಶುರುವಾದದ್ದು ಬಾಲಗಾಂವದ ದಸ್ತಗೀರ ಹಕೀಮನ ಬೇರಿನ ಕಷಾಯದಿಂದ. ಅದು ಎಂಥ ಕಹಿಯೆಂದರೆ ಗೌರವ್ವ ಮೊದಲ ಗುಟುಕನ್ನೇ ಉಗುಳಿಬಿಟ್ಟಳು. “ನೀ ಒಬ್ಬಾಕೀನ ಯಾಕ ಕುಡೀಬೇಕು, ತಾ ಇಲ್ಲಿ” ಎಂದು ಸಂಗವ್ವ ಅರ್ಧ ಬಟ್ಟಲು ತಾನೇ ಕುಡಿದು ಬಾಯಿ ಒರೆಸಿಕೊಂಡಳು. ಅದೇ ರೂಢಿಯಾಯಿತು. ಅತ್ತೆ ಅರ್ಧ, ಸೊಸೆ ಅರ್ಧ.

ಅದರಿಂದ ಏನೂ ಕಾಣದಾಗ ಮಿರಜಕ್ಕೆ ಕರೆದೊಯ್ದವಳೂ ಸಂಗವ್ವನೇ. ಬಾಲ್ಯ ಮುಗಿಯುವ ಮೊದಲೇ ಒಬ್ಬನೇ ಮಗನನ್ನು ಹಡೆದಿದ್ದ ಅವಳ ತಲೆಯಲ್ಲಿ ಇನ್ನೂ ಬಿಳಿಕೂದಲು ಇರಲಿಲ್ಲ. ತೋರಿಸಿಕೊಳ್ಳುವವರು ನಿಮ್ಮಿಬ್ಬರಲ್ಲಿ ಯಾರು ಎಂದು ದವಾಖಾನೆಯ ನರ್ಸು ಮರಾಠಿಯಲ್ಲಿ ಕೇಳಿದಾಗ ಅತ್ತೆ ಸೊಸೆ ಇಬ್ಬರೂ ನಕ್ಕಿದ್ದರು.

ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಹೆಣ್ಣು ಡಾಕ್ಟರು ಸೂಜಿ ಚುಚ್ಚಿದರು. ಗರ್ಭದ ನಾಳಕ್ಕೆ ಗಾಳಿ ಹಾಯಿಸಿ ನೋಡಿ, ದಾರಿ ತೆರೆದೇ ಇದೆ ಎಂದರು. ಹಾಗಾದರೆ ಯಾವಾಗ? ಆಗಬಹುದು, ಆಗದೆಯೂ ಇರಬಹುದು, ಕಾಯಬೇಕು. ಆಗುವುದಿಲ್ಲ ಎಂದಿದ್ದರೆ ಗೌರವ್ವ ಒಮ್ಮೆ ಅತ್ತು ಮುಗಿಸುತ್ತಿದ್ದಳು. ಮುಟ್ಟು ತುಸು ತಡವಾದರೆ ಸಾಕು, ಕೊಡ ಹೊತ್ತು ಬರುವಾಗ ಮೆಲ್ಲಗೆ ಕಾಲಿಡುತ್ತಿದ್ದಳು. ಆಮೇಲೆ ಮತ್ತೆ ಎಂದಿನಂತೆ ಧಡಧಡ ನಡೆಯುತ್ತಿದ್ದಳು. ಅವಳ ನಡಿಗೆಯಿಂದಲೇ ತಿಳಿದುಕೊಂಡು ಸಂಗವ್ವ ಏನೂ ಕೇಳುತ್ತಿರಲಿಲ್ಲ.

ಹೋದ ಸಲ ಮಿರಜದಲ್ಲಿ ಗೌರವ್ವನ ತಪಾಸಣೆ ಮುಗಿದ ಮೇಲೆ ಅತ್ತೆ ಎದ್ದಳು. “ನೀ ಹೊರಗ ಕುಂಡ್ರು. ಡಾಕ್ಟರ್ ಬಾಯಾರ ಕೂಡ ನಂದೊಂದು ಮಾತದ.” ಬಾಗಿಲು ಮುಚ್ಚಿತು. ಹೊರಗೆ ಬಂದಾಗ ಸಂಗವ್ವನ ಮುಖದಲ್ಲಿ ರಕ್ತವಿರಲಿಲ್ಲ. ಜತ್ತ ಮುಟ್ಟುವವರೆಗೂ ಮೋಟಾರಿನ ಕಿಟಕಿಯಾಚೆಗೇ ನೋಡುತ್ತಿದ್ದಳು. ಖಚಿತ ಉತ್ತರ ಕೊನೆಗೂ ಸಿಕ್ಕಿದೆ, ಅದನ್ನು ಹಿರಿಯರಿಗೆ ಮಾತ್ರ ಹೇಳಿದ್ದಾರೆ ಎಂದು ಗೌರವ್ವ ತಿಳಿದಳು.

ಅಂದಿನಿಂದ ಮಾವ ಶಿವಯೋಗೆಪ್ಪ ಗುಡಿಯ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಸೊಸೆ ಎದುರಾದರೆ ರುಮಾಲು ಸರಿಮಾಡಿಕೊಳ್ಳುತ್ತ ಹೊಲದ ಹಾದಿ ಹಿಡಿಯುತ್ತಿದ್ದ. ಈಗ ಭಾಗವ್ವನ ಜೊತೆ ಈ ಪಿಸುಮಾತು.

ಭಾಗವ್ವ ಹೋದ ಮೇಲೆ ಗೌರವ್ವ ಕೊಟ್ಟಿಗೆಗೆ ಬಂದಳು. ಗಂಡ ದುಂಡಪ್ಪ ಎತ್ತಿಗೆ ಕಣಿಕೆ ಹಾಕುತ್ತಿದ್ದ.

“ನಿಮಗ ಗೊತ್ತದ ಏನ್ರಿ?”

ದುಂಡಪ್ಪನ ಕಿವಿ ಕೆಂಪಾದವು. “ಅಪ್ಪ ನಿನ್ನಿ ಹೇಳಿದ.”

“ನೀವೇನಂದ್ರಿ?”

“ನಾ ಏನನ್ಲಿ? ಹಿರ್ಯಾರು. ನನ್ನ ಕೇಳಿ ಮಾಡ್ತಾರೇನು?”

“ನಿಮಗ ಏನೂ ಅನಸೂದಿಲ್ಲ?”

“ನಾಚಿಕಿ ಬರ್ತದ. ಮಂದಿ ಮುಂದ ಹ್ಯಾಂಗ ತಿರುಗಾಡ್ಲಿ?” ಎಂದು ಅವನು ಎತ್ತಿನ ಆಚೆ ಬದಿಗೆ ಸರಿದ.

ಊರಲ್ಲಿ ಮಲಕಾಜಪ್ಪನಿಗೆ ಇಬ್ಬರು ಹೆಂಡಿರು. ಹಿರಿಯಳು ಕಿರಿಯಳ ಮಕ್ಕಳ ಮೂಗು ಒರೆಸುತ್ತ, ದನಗಳ ಪಕ್ಕ ಮಲಗಿ ಕಾಲ ಕಳೆಯುತ್ತಿದ್ದಳು. ಅದು ತನ್ನಿಂದಾಗದು ಎಂದು ಗೌರವ್ವನಿಗೆ ಗೊತ್ತಿತ್ತು. ಸೀರೆ ಕುಪ್ಪಸ ಗಂಟು ಕಟ್ಟಿಟ್ಟು ಅಡಿಗೆಮನೆಗೆ ಹೋದಳು. ಸಂಗವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಗೋಡೆಗೆ ಒರಗಿದ್ದಳು.

“ಅತ್ತಿ, ನಾ ಎಲ್ಲಾ ಕೇಳಿಸ್ಕೊಂಡೀನಿ. ಇನ್ನ ಮುಚ್ಚಿಡಬ್ಯಾಡ್ರಿ.”

ಸಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಹಿಂಗ ಆಗಬಾರದಿತ್ತವ್ವ. ನಿನ್ನ ಕಣ್ಣೆದುರಿಗೆ ಹಿಂಗ ಆಗಬಾರದಿತ್ತು.”

“ಅಳಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನಾಳಿ ತವರಮನಿಗೆ ಹೋಗ್ತೀನಿ. ಅಷ್ಟರಾಗ ಒಂದು ಹೇಳಿಬಿಡ್ರಿ, ಬರಾಕಿ ಯಾರು?”

“ಬರಾಕಿ?” ಸೆರಗು ಸರಿಯಿತು.

“ನನ್ನ ಸವತಿ. ಯಾರ ಮನಿ ಹುಡುಗಿ?”

ಸಂಗವ್ವ ಬಾಯಿ ತೆರೆದು ಸೊಸೆಯನ್ನೇ ನೋಡಿದಳು. ನೋಡುತ್ತ ನೋಡುತ್ತ ಹಿಟ್ಟಿನ ಕೈಯಲ್ಲೇ ಅವಳ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡಳು.

“ಸವತಿ ಅಲ್ಲ ಹುಚ್ಚಿ, ಬರೂದು ನಿನ್ನ ಗಂಡನ ತಮ್ಮೋ ತಂಗಿಯೋ, ನಾ ಬಸರಾಗೀನಿ.”