ಖಾಲಿ ಬಿಟ್ಟ ಕಾಲಂ

ಹೆಣ್ಣು ನೋಡಲು ಬಂದಾಗ ಹುಡುಗನ ಸೋದರತ್ತೆ "ಈ ಸಲನಾದ್ರೂ ಒಳ್ಳೇದಾಗ್ಲಿ" ಎಂದದ್ದು ಭಾರ್ಗವಿಯ ಮನಸ್ಸನ್ನು ಕೊರೆಯುತ್ತಿತ್ತು. ವಧೂವರರ ಕೇಂದ್ರದ ವೆಬ್‌ಸೈಟಿನಲ್ಲಿ ಅವನ ಹೆಸರಿನ ಕೆಳಗೆ 'ಹಿಂದಿನ ಮದುವೆ: ಇಲ್ಲ' ಎಂದೇ ಇತ್ತು. ಅವರಿಬ್ಬರ ನಿಶ್ಚಿತಾರ್ಥಕ್ಕೆ ಎರಡೇ ದಿನ. ಅವಳು ನೇರ ಕೇಂದ್ರಕ್ಕೆ ಹೋಗಿ, ಕಂಪ್ಯೂಟರ್ ನೋಡಿಕೊಳ್ಳುವ ಗಂಗಾಧರನನ್ನು ಹಿಡಿದಳು.

"ಇದು ಅವರೇ ಬರೆದಿದ್ದಾ?"

"ಇಲ್ಲ ಮೇಡಂ, ಅವರು ಖಾಲಿ ಬಿಟ್ಟಿದ್ದಾರೆ. ಖಾಲಿ ಇದ್ರೆ ನಮ್ಮ ಪ್ರೋಗ್ರಾಂ 'ಇಲ್ಲ' ಅಂತ ತೋರಿಸಿಬಿಡತ್ತೆ."

"ಉತ್ತರ ಕೊಡದೇ ಇರೋದೂ, ಇಲ್ಲ ಅನ್ನೋದೂ ಒಂದೇನಾ? ಮುಚ್ಚಿಡೋರಿಗೆ ನೀವೇ ಸಹಾಯ ಮಾಡ್ತಿದೀರ. ಈಗಲೇ ಸರಿ ಮಾಡಿ!"

ಗಂಗಾಧರ ಕೋಡ್ ತಿದ್ದಿದ. 'ಉತ್ತರಿಸಿಲ್ಲ' ಎಂದು ಬಂದ ಹೆಸರುಗಳನ್ನು ನೋಡಿ ದನಿ ತಗ್ಗಿಸಿದ.

"ಇಬ್ಬರೇ ಇರೋದು ಮೇಡಂ. ಅವರು... ಮತ್ತೆ ನೀವು."